ನನ್ನ ಸುದ್ದಿ ನನಗಿಂತ ಮೊದಲು ಎಲ್ಲರಿಗೂ ತಲುಪಿದರೆ, ಅದು ಯಾರ ಸುದ್ದಿ?

ಮಳೆಹನಿ · ಸೋಮವಾರ ರಾತ್ರಿ

ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಮೂರು ವಾರದಿಂದ ಮನಸ್ಸಿನಲ್ಲೇ ಇಟ್ಟುಕೊಂಡು ಸಾಕಾಗಿದೆ.

ಕಳೆದ ತಿಂಗಳು ನನಗೊಂದು ಆಪರೇಷನ್ ಆಯಿತು. ಯಾವುದು ಅಂತ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆಫೀಸಿನಲ್ಲಿ ರಜೆ ಕೇಳಿದ್ದೆ, ಕಾರಣ ಹೇಳಿರಲಿಲ್ಲ. ಆಪರೇಷನ್ ಆದ ಸಂಜೆ ದೊಡ್ಡಮ್ಮ ನೋಡಲು ಬಂದರು. ನಾನು ಇನ್ನೂ ಮಂಪರಿನಲ್ಲಿದ್ದೆ. ಅವರು ಒಂದು ಫೋಟೊ ತೆಗೆದು, ‘ನಮ್ಮ ಮಗಳು ಬೇಗ ಹುಷಾರಾಗಲಿ, ಎಲ್ಲರೂ ಹಾರೈಸಿ’ ಅಂತ ತಮ್ಮ ಖಾತೆಯಲ್ಲಿ ಹಾಕಿದರು. ನನ್ನನ್ನು ಟ್ಯಾಗ್ ಕೂಡ ಮಾಡಿದರು.

ಬೆಳಿಗ್ಗೆ ಫೋನ್ ತೆರೆದರೆ ಇನ್ನೂರಕ್ಕೂ ಜಾಸ್ತಿ ಜನ ಹಾರೈಸಿದ್ದರು. ಅವರಲ್ಲಿ ನನ್ನ ಮ್ಯಾನೇಜರ್ ಇದ್ದರು. ಹತ್ತು ವರ್ಷದಿಂದ ಮಾತೇ ಇಲ್ಲದ ಸಹಪಾಠಿಗಳಿದ್ದರು. ‘ಯಾವ ಆಪರೇಷನ್?’ ಅಂತ ಒಬ್ಬರು ಕೇಳಿದ್ದರು. ದೊಡ್ಡಮ್ಮ ಅಲ್ಲೇ ಕೆಳಗೆ ಉತ್ತರವನ್ನೂ ಕೊಟ್ಟಿದ್ದರು.

ಇದನ್ನೆಲ್ಲ ಹೇಗೋ ನುಂಗಿಕೊಂಡೆ. ಒಂದನ್ನು ಮಾತ್ರ ಆಗಲಿಲ್ಲ. ಇಪ್ಪತ್ತು ವರ್ಷದಿಂದ ಜೊತೆಗಿರುವ ಗೆಳತಿಯೊಬ್ಬಳಿದ್ದಾಳೆ. ಆಗ ಅವಳು ತನ್ನದೇ ಒಂದು ಕಷ್ಟದಲ್ಲಿದ್ದಳು. ನಾನು ಮನೆಗೆ ಬಂದ ಮೇಲೆ, ಎದುರಿಗೆ ಕೂತು, ನಿಧಾನವಾಗಿ ಹೇಳೋಣ ಅಂದುಕೊಂಡಿದ್ದೆ. ಅವಳಿಗೆ ಗೊತ್ತಾದದ್ದು ಆ ಪೋಸ್ಟ್‌ನಿಂದ. ಇನ್ಯಾರೋ ಅದಕ್ಕೆ ಹಾರೈಕೆ ಬರೆದಿದ್ದು ಅವಳಿಗೆ ಕಾಣಿಸಿತಂತೆ. ‘ಎಲ್ಲರಿಗೂ ಗೊತ್ತು, ನನಗೊಬ್ಬಳಿಗೆ ಬಿಟ್ಟು’ ಅಂತ ಒಂದು ಸಾಲು ಕಳಿಸಿದಳು. ಆಮೇಲೆ ಮಾತಿಲ್ಲ.

ದೊಡ್ಡಮ್ಮ ಕೆಟ್ಟದ್ದು ಬಯಸಿದವರಲ್ಲ. ನನ್ನನ್ನು ಎತ್ತಿ ಆಡಿಸಿದವರು. ಆದರೂ ಒಂದು ಮಾತು ಕೇಳಬೇಕು ಅನಿಸುತ್ತಿದೆ. ಯಾರಿಗೆ ಮೊದಲು ಹೇಳಬೇಕು, ಯಾರಿಗೆ ಆಮೇಲೆ, ಯಾರಿಗೆ ಹೇಳಲೇಬಾರದು ಅನ್ನುವುದು ನನ್ನ ಕೈಯಲ್ಲಿ ಇರಬೇಕಿತ್ತು, ಅಲ್ವಾ?

ಹಳೇಪುಟ · ಸೋಮವಾರ ರಾತ್ರಿ

ಇರಬೇಕಿತ್ತು. ಮೊದಲು ಹುಷಾರಾಗಿ, ಮಳೆಹನಿ ಅವರೇ.

ಫೇಸ್‌ಬುಕ್‌ಗಿಂತ ಮೊದಲು ಇಲ್ಲಿ ಎಲ್ಲರೂ ಬಳಸುತ್ತಿದ್ದ ಸೋಷಿಯಲ್ ನೆಟ್‌ವರ್ಕ್ ಆರ್ಕುಟ್, ನಾನು ಅದರ ಕಾಲದಿಂದ ಈ ಜಾಲಗಳಲ್ಲಿದ್ದೇನೆ. ಆಗಿನದೆಲ್ಲ ಚಿನ್ನ, ಈಗಿನದೆಲ್ಲ ಮಣ್ಣು ಅಂತ ಹೇಳಲು ಬಂದಿಲ್ಲ. ಆರ್ಕುಟ್‌ನಲ್ಲಿ ಒಬ್ಬರ ಸ್ಕ್ರ್ಯಾಪ್‌ಬುಕ್ ಅನ್ನು, ಅಂದರೆ ಗೆಳೆಯರು ಅವರಿಗೆ ಸಂದೇಶ ಬರೆಯುವ ಪುಟವನ್ನು, ಯಾರು ಬೇಕಾದರೂ ಓದಬಹುದಿತ್ತು. ಎಷ್ಟು ಜನ ಅಲ್ಲಿ ಜಗಳ ಆಡಿದರು, ಎಷ್ಟು ಜನ ಪ್ರೀತಿ ಹೇಳಿಕೊಂಡರು! ಹಾಗಾಗಿ ಆಗ ಗೌಪ್ಯತೆ ಇತ್ತು ಅನ್ನಲಾರೆ. ಆದರೆ ಒಂದು ವ್ಯತ್ಯಾಸ ಇತ್ತು. ನಿಮ್ಮ ಸುದ್ದಿ ತಿಳಿಯಬೇಕಾದರೆ ನಾನು ನಿಮ್ಮ ಪುಟಕ್ಕೆ ಬರಬೇಕಿತ್ತು. ಬಂದದ್ದು ನಿಮಗೂ ಕಾಣುತ್ತಿತ್ತು, ಇತ್ತೀಚೆಗೆ ಯಾರು ಬಂದು ಹೋದರು ಅಂತ ಅದು ತೋರಿಸುತ್ತಿತ್ತು. ಮನೆಗೆ ಹೋಗಿ ಬಾಗಿಲು ತಟ್ಟಿದ ಹಾಗೆ. ಟೆಸ್ಟಿಮೋನಿಯಲ್, ಅಂದರೆ ನಿಮ್ಮ ಬಗ್ಗೆ ನಾಲ್ಕು ಮಾತು, ಬರೆದರೂ ಅಷ್ಟೇ, ನೀವು ಒಪ್ಪಿದರೆ ಮಾತ್ರ ಪ್ರಕಟ ಆಗುತ್ತಿತ್ತು. ನಿಮ್ಮ ಬಗ್ಗೆ ನಾನು ಬರೆದ ಮಾತಿಗೆ ನಿಮ್ಮ ಒಪ್ಪಿಗೆ ಬೇಕಿತ್ತು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ಆ ಸಣ್ಣ ಮರ್ಯಾದೆ ಅದಕ್ಕೂ ಮೊದಲೇ ಹೋಗಿತ್ತು.

ಅದು ಹೋದದ್ದು ಯಾವಾಗ ಅಂತ ಕೇಳಿದರೆ ನಾನು 2006ರ ಸೆಪ್ಟೆಂಬರ್ ಅನ್ನುತ್ತೇನೆ. ಫೇಸ್‌ಬುಕ್ ನ್ಯೂಸ್ ಫೀಡ್ ಶುರು ಮಾಡಿದ್ದು ಆಗ. ಅಲ್ಲಿಯವರೆಗೆ ಫೇಸ್‌ಬುಕ್‌ನಲ್ಲೂ ಒಬ್ಬೊಬ್ಬರ ಪುಟಕ್ಕೆ ಹೋಗಿಯೇ ನೋಡಬೇಕಿತ್ತು. ಫೀಡ್ ಬಂದ ಮೇಲೆ ಎಲ್ಲರ ಸುದ್ದಿಯೂ ತಾನಾಗಿ ಬಂದು ಎದುರಿಗೆ ಬೀಳತೊಡಗಿತು. ಬಳಸುವವರು ಸಿಟ್ಟಾದರು. ಕೆಲವೇ ದಿನದಲ್ಲಿ ಲಕ್ಷಗಟ್ಟಲೆ ಜನ ವಿರೋಧದ ಗುಂಪು ಸೇರಿದರು, ಅದೂ ಫೇಸ್‌ಬುಕ್ ಒಳಗೇ. ಮಾರ್ಕ್ ಜುಕರ್‌ಬರ್ಗ್ ಕ್ಷಮೆ ಕೇಳಿ ಬರೆದರು. ಏನು ಕಾಣಬೇಕು, ಏನು ಕಾಣಬಾರದು ಅಂತ ಆರಿಸಿಕೊಳ್ಳಲು ಕೆಲವು ಸೆಟ್ಟಿಂಗ್ ಕೊಟ್ಟರು. ಫೀಡ್ ಮಾತ್ರ ಉಳಿಯಿತು. ನಾವು ಒಗ್ಗಿಕೊಂಡೆವು.

ಅದರಲ್ಲಿ ಹೊಸ ಮಾಹಿತಿ ಒಂದೂ ಇರಲಿಲ್ಲ. ಮೊದಲೂ ಕಾಣುತ್ತಿದ್ದದ್ದೇ ಈಗಲೂ ಕಾಣುತ್ತಿತ್ತು. ಬದಲಾದದ್ದು ಅದು ಸಾಗುವ ದಾರಿ. ಅಷ್ಟಕ್ಕೇ ಜನರಿಗೆ ಮೈ ಮೇಲಿನ ಬಟ್ಟೆ ಜಾರಿದ ಹಾಗೆ ಆಯಿತು. ಅವರ ಸಿಟ್ಟು ಸರಿ ಇತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಮೂರನೇ ಮಹಡಿ · ಮಂಗಳವಾರ ಬೆಳಿಗ್ಗೆ

ಬೇಜಾರು ಮಾಡಿಕೊಳ್ಳಬೇಡಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಇನ್ನೂರು ಜನ ಹಾರೈಸಿದರು ಅಂದರೆ ಅದು ಒಳ್ಳೆಯದೇ ಅಲ್ವಾ? ಕಾಯಿಲೆ ಬಿದ್ದಾಗ ಒಬ್ಬರೂ ಕೇಳದೆ ಇರುವ ಜನ ಎಷ್ಟೋ ಇದ್ದಾರೆ. ಕಳ್ಳತನ ಮಾಡಿಲ್ಲ, ಸುಳ್ಳು ಹೇಳಿಲ್ಲ. ಆಪರೇಷನ್ ಆಯಿತು ಅನ್ನುವುದರಲ್ಲಿ ಮುಚ್ಚಿಡುವಂಥದ್ದು ಏನಿದೆ? ಮುಚ್ಚಿಡುವುದಕ್ಕೆ ಏನೂ ಇಲ್ಲದವರು ಇಷ್ಟು ಹೆದರಬೇಕಾ ಅಂತ ನಿಜವಾಗಿ ಕೇಳುತ್ತಿದ್ದೇನೆ.

ಸರ್ವರ್ ಕೋಣೆ · ಮಂಗಳವಾರ ಮಧ್ಯಾಹ್ನ

ನನ್ನ ಕೆಲಸ ಈ ಕ್ಷೇತ್ರದಲ್ಲೇ. ತಾಂತ್ರಿಕವಾಗಿ ಏನು ನಡೆಯುತ್ತದೆ ಅಂತ ಹೇಳಿದರೆ ಉಪಯೋಗ ಆಗಬಹುದು.

ನಾವು ಗೌಪ್ಯತೆಯನ್ನು ನಮ್ಮ ಮನೆ ಬೀಗದ ಹಾಗೆ ಕಲ್ಪಿಸಿಕೊಳ್ಳುತ್ತೇವೆ. ನಾನು ಬೀಗ ಹಾಕಿದರೆ ಭದ್ರ, ಮರೆತರೆ ನನ್ನದೇ ತಪ್ಪು. ಸೋಷಿಯಲ್ ನೆಟ್‌ವರ್ಕ್‌ನಲ್ಲಿ ಹಾಗಿಲ್ಲ. ಇಲ್ಲಿ ನಿಮ್ಮ ಬೀಗದ ಕೈ ನಿಮ್ಮ ಪರಿಚಯದವರೆಲ್ಲರ ಹತ್ತಿರ ಇದೆ.

ಮೊದಲು ನಂಬರ್ ವಿಷಯ. ಇಂಥ ಎಷ್ಟೋ ಆ್ಯಪ್‌ಗಳು ಹಾಕಿದ ತಕ್ಷಣ ‘ನಿಮ್ಮ ಸಂಪರ್ಕಗಳನ್ನು ನೋಡಲೇ?’ ಅಂತ ಕೇಳುತ್ತವೆ. ಹೂಂ ಅಂದವರು ತಮ್ಮ ಒಪ್ಪಿಗೆಯನ್ನು ಮಾತ್ರ ಕೊಟ್ಟಿರುವುದಿಲ್ಲ. ಅವರ ಫೋನಿನಲ್ಲಿರುವ ನಾನೂರು ಜನರ ನಂಬರ್ ಕೂಡ ಹೋಯಿತು. ಆ ನಾನೂರರಲ್ಲಿ ಖಾತೆಯನ್ನೇ ತೆರೆಯದವರೂ ಇರುತ್ತಾರೆ. 2013ರಲ್ಲಿ ಫೇಸ್‌ಬುಕ್‌ನ ಒಂದು ದೋಷದಿಂದ ಸುಮಾರು 60 ಲಕ್ಷ ಜನರ ಫೋನ್ ನಂಬರ್, ಇಮೇಲ್ ಬೇರೆಯವರಿಗೆ ಕಂಡವು. ಅವುಗಳಲ್ಲಿ ಖಾತೆದಾರರು ತಾವಾಗಿ ಕೊಡದೇ ಇದ್ದ ನಂಬರ್‌ಗಳೂ ಇದ್ದವು, ಇನ್ಯಾರದೋ ಸಂಪರ್ಕ ಪಟ್ಟಿಯಿಂದ ಬಂದವು. 2021ರ ಏಪ್ರಿಲ್‌ನಲ್ಲಿ 53.3 ಕೋಟಿ ಖಾತೆಗಳ ವಿವರ ಅಂತರ್ಜಾಲದಲ್ಲಿ ಬಿದ್ದಿತ್ತು. ಅದನ್ನು ಯಾರೋ ಹಿಂದೆಯೇ ಬಾಚಿಕೊಂಡದ್ದು, ಸಂಪರ್ಕಗಳನ್ನು ಹುಡುಕಿಕೊಡುವ ಅದೇ ಸೌಲಭ್ಯದ ಮೂಲಕ.

ಕೇಂಬ್ರಿಡ್ಜ್ ಅನಾಲಿಟಿಕಾ ಹೆಸರು ಎಲ್ಲರೂ ಕೇಳಿರುತ್ತೀರಿ, ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುತ್ತಿದ್ದ ಬ್ರಿಟನ್ನಿನ ಕಂಪನಿ. ಅದರ ಲೆಕ್ಕ ನೋಡಿ. ಅದಕ್ಕೆ ಫೇಸ್‌ಬುಕ್ ಮಾಹಿತಿ ಸಿಕ್ಕಿದ್ದು ಒಂದು ವ್ಯಕ್ತಿತ್ವ ಪರೀಕ್ಷೆಯ ಆ್ಯಪ್‌ನಿಂದ. ಆ ಆ್ಯಪ್ ಹಾಕಿಕೊಂಡವರು ಸುಮಾರು 2 ಲಕ್ಷ 70 ಸಾವಿರ ಜನ. ಮಾಹಿತಿ ಹೋಗಿರಬಹುದು ಅಂತ ಫೇಸ್‌ಬುಕ್ ಕಂಪನಿಯೇ 2018ರಲ್ಲಿ ಒಪ್ಪಿಕೊಂಡದ್ದು 8 ಕೋಟಿ 70 ಲಕ್ಷ ಜನರದ್ದು. ಉಳಿದವರೆಲ್ಲ ಆ ಪರೀಕ್ಷೆಯ ಹೆಸರನ್ನೂ ಕೇಳಿರಲಿಲ್ಲ. ಅವರ ಗೆಳೆಯರೊಬ್ಬರು ಅದನ್ನು ಬರೆದಿದ್ದರು, ಅಷ್ಟೇ. 2019ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ಹಾಕಿತು. ದಂಡದ ಹಣ ಸರ್ಕಾರಕ್ಕೆ ಹೋಯಿತು. ಹೋದ ಮಾಹಿತಿ ಯಾರಿಗೂ ವಾಪಸ್ ಬರಲಿಲ್ಲ.

ಮಳೆಹನಿ ಅವರಿಗೆ ಆದದ್ದು ಇದೇ, ಸಣ್ಣ ಪ್ರಮಾಣದಲ್ಲಿ. ಅವರು ಯಾವ ಗುಂಡಿಯನ್ನೂ ಒತ್ತಿರಲಿಲ್ಲ.

ಇನ್ನೊಂದು. ನಿಮ್ಮ ಗೆಳತಿಗೆ ಆ ಪೋಸ್ಟ್ ಹೇಗೆ ಕಂಡಿತು ಅಂತ ನೀವೇ ಬರೆದಿದ್ದೀರಿ. ಇನ್ಯಾರೋ ಹಾರೈಕೆ ಬರೆದರು, ಹಾಗಾಗಿ ಕಂಡಿತು. ಜಾಸ್ತಿ ಜನ ಮುಟ್ಟಿದ ಪೋಸ್ಟನ್ನು ಇನ್ನೂ ಜಾಸ್ತಿ ಜನರಿಗೆ ತೋರಿಸುವ ಹಾಗೆ ಈ ಫೀಡ್‌ಗಳನ್ನು ಕಟ್ಟಿರುತ್ತಾರೆ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಅನ್ನುವ ನಿಮ್ಮ ಕ್ರಮದ ಜಾಗದಲ್ಲಿ ಬೇರೊಂದು ಕ್ರಮ ಬಂದು ಕೂತಿತು. ಅದಕ್ಕೆ ಗೆಳತಿ ಯಾರು, ಮ್ಯಾನೇಜರ್ ಯಾರು ಅನ್ನುವುದು ಬೇಕಿಲ್ಲ.

ಮಳೆಹನಿ · ಮಂಗಳವಾರ ಸಂಜೆ

ಥ್ಯಾಂಕ್ಸ್. ಟ್ಯಾಗ್ ಮಾಡಿದರೆ ನನ್ನ ಒಪ್ಪಿಗೆ ಕೇಳುವ ಹಾಗೆ ಸೆಟ್ಟಿಂಗ್ ಇದೆ ಅಂತ ಯಾರೋ ಹೇಳಿದರು. ಇವತ್ತು ಆನ್ ಮಾಡಿದೆ. ಇನ್ನು ಮುಂದೆ ಹೀಗಾಗುವುದಿಲ್ಲ ತಾನೇ?

ಸರ್ವರ್ ಕೋಣೆ · ಮಂಗಳವಾರ ಸಂಜೆ

ನಿಮ್ಮ ಪುಟದಲ್ಲಿ ಕಾಣದ ಹಾಗೆ ತಡೆಯಬಹುದು. ಹಾಕಿದವರ ಪುಟದಲ್ಲಿ ಫೋಟೊ ಇದ್ದೇ ಇರುತ್ತದೆ. ಅದನ್ನು ತೆಗೆಸಬೇಕಾದರೆ ಅವರನ್ನೇ ಕೇಳಬೇಕು. ಇಲ್ಲವೇ ದೂರು ಕೊಡಬೇಕು. ದೊಡ್ಡಮ್ಮನ ಮೇಲೆ ದೂರು ಕೊಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ.

ನಿಧಾನಿ · ಮಂಗಳವಾರ ರಾತ್ರಿ

ಎಲ್ಲ ಓದಿದೆ. ಒಪ್ಪುತ್ತೇನೆ, ಆದರೆ ಎದೆಯಲ್ಲಿ ಒಂದು ಮಾತು ಉಳಿಯಿತು.

ನನಗೆ ಹದಿನೇಳನೇ ವಯಸ್ಸಿನಿಂದ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಈಗ ಹೆಚ್ಚುಕಡಿಮೆ ಪೂರ್ತಿ ಹೋಗಿದೆ. ‘ಮೆಸೇಜ್ ಬಿಡಿ, ಫೋನ್ ಮಾಡಿ ಮಾತಾಡಿ, ಅದೇ ನಿಜವಾದ ಸಂಬಂಧ’ ಅಂತ ಜನ ಹೇಳುವಾಗ ನನಗೆ ಸಂಕಟ ಆಗುತ್ತದೆ. ಫೋನ್ ಮಾತು ನನಗೆ ಮುಚ್ಚಿದ ಬಾಗಿಲು. ನಾಲ್ಕು ಜನ ಕೂತು ಹರಟುವಾಗ ಯಾರ ತುಟಿ ನೋಡಬೇಕು ಅಂತಲೇ ತಿಳಿಯುವುದಿಲ್ಲ. ಎಲ್ಲರೂ ನಕ್ಕ ಮೇಲೆ ನಾನೂ ನಕ್ಕಿದ್ದೇನೆ, ಯಾಕೆ ಅಂತ ಗೊತ್ತಿಲ್ಲದೆ. ವರ್ಷಗಟ್ಟಲೆ ಹಾಗೆ ಬದುಕಿದ್ದೇನೆ.

ಬರೆದು ಮಾತಾಡುವ ಜಾಗಗಳು ಬಂದ ಮೇಲೆ ನಾನು ಮೊದಲ ಸಲ ಯಾರದೋ ಮಾತಿಗೆ ಸರಿಯಾದ ಹೊತ್ತಿಗೆ ಉತ್ತರ ಕೊಟ್ಟೆ. ನನ್ನಂಥವರ ಒಂದು ಗುಂಪು ಸಿಕ್ಕಿತು. ಕಿವಿಯ ಯಂತ್ರ ಮೊದಲ ಸಲ ಹಾಕಿಕೊಂಡಾಗ ಪಾತ್ರೆಯ ಸದ್ದು ಸುತ್ತಿಗೆ ಪೆಟ್ಟಿನಂತೆ ಯಾಕೆ ಕೇಳುತ್ತದೆ, ಎಷ್ಟು ದಿನಕ್ಕೆ ಸರಿ ಹೋಗುತ್ತದೆ ಅಂತ ನನಗೆ ಹೇಳಿಕೊಟ್ಟವರು ನಾನು ಮುಖ ನೋಡದ ಜನ. ಈಗಿನ ಕೆಲಸ ಸಿಕ್ಕಿದ್ದೂ ಅಲ್ಲಿನ ಒಬ್ಬ ಪರಿಚಯದವರಿಂದ, ಹತ್ತಿರದ ಗೆಳೆಯರೂ ಅಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಬರೆದಿದ್ದರು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದ ಪರಿಚಯದವರಿಂದ. ಆ ದೂರದ ಎಳೆಗಳನ್ನು ನನ್ನಂಥವರಿಗೆ ಉಳಿಸಿಕೊಟ್ಟದ್ದು ಈ ಜಾಲಗಳು.

ಇದನ್ನೆಲ್ಲ ಬಿಟ್ಟುಬಿಡಿ ಅಂತ ಯಾರಾದರೂ ಹೇಳುವ ಮೊದಲು ನನ್ನಂಥವರನ್ನು ಒಮ್ಮೆ ನೆನಪಿಸಿಕೊಳ್ಳಿ.

ಮೂರನೇ ಮಹಡಿ ಅವರೇ, ನಿಮ್ಮ ಪ್ರಶ್ನೆಗೂ ಉತ್ತರ ಕೊಡುತ್ತೇನೆ. ಕಿವಿ ಕೇಳದಿರುವುದು ಕಳ್ಳತನ ಅಲ್ಲ. ಆದರೂ ಹೊಸ ಜಾಗಕ್ಕೆ ಹೋದಾಗ ಅದನ್ನು ಯಾವಾಗ ಹೇಳಬೇಕು ಅಂತ ನಾನೇ ತೀರ್ಮಾನಿಸಬೇಕು. ಮೊದಲೇ ಗೊತ್ತಾದರೆ ಜನ ನನ್ನ ಜೊತೆ ಮಾತಾಡುವುದಿಲ್ಲ, ನನ್ನ ಪಕ್ಕದವರ ಹತ್ತಿರ ನನ್ನ ಬಗ್ಗೆ ಕೇಳುತ್ತಾರೆ. ಹತ್ತು ನಿಮಿಷ ಮಾತಾಡಿದ ಮೇಲೆ ಹೇಳಿದರೆ ಹಾಗಾಗುವುದಿಲ್ಲ. ಆ ಹತ್ತು ನಿಮಿಷ ನನಗೆ ಬೇಕು.

ಮೂರನೇ ಮಹಡಿ · ಮಂಗಳವಾರ ರಾತ್ರಿ

ಈ ಕಡೆಯಿಂದ ನಾನು ಯೋಚಿಸಿಯೇ ಇರಲಿಲ್ಲ. ಹೇಳಿದ್ದಕ್ಕೆ ಥ್ಯಾಂಕ್ಸ್.

ಕಪ್ಪುಹಲಗೆ · ಬುಧವಾರ ಬೆಳಿಗ್ಗೆ

ನಾನು ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡುತ್ತೇನೆ. ದೊಡ್ಡವರು ಇನ್ನೂ ಚರ್ಚೆ ಮಾಡುತ್ತಿರುವುದಕ್ಕೆ ಮಕ್ಕಳು ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ. ಅದನ್ನು ಹೇಳಬೇಕು ಅನಿಸಿತು.

ನನ್ನ ತರಗತಿಯಲ್ಲಿ ಸುಮಾರು ಮಕ್ಕಳಿಗೆ ಎರಡು ಖಾತೆ ಇವೆ. ಒಂದು ಎಲ್ಲರಿಗೂ. ಅಲ್ಲಿ ಚೆಂದದ ಫೋಟೊ, ನೆಂಟರು, ಟೀಚರ್‌ಗಳು. ಇನ್ನೊಂದು ಐದಾರು ಜನರಿಗೆ. ಅಲ್ಲಿ ಅತ್ತದ್ದು, ಫೇಲಾದದ್ದು, ಮನೆಯ ಜಗಳ. ಎರಡನೇ ಖಾತೆ ಅಂದರೆ ಮೋಸ ಅಂತ ಮೊದಮೊದಲು ನಾನೂ ಬೈದಿದ್ದೆ. ಈಗ ಹಾಗೆ ಅನಿಸುವುದಿಲ್ಲ. ರಾಬಿನ್ ಡನ್‌ಬಾರ್ ಅನ್ನುವ ಬ್ರಿಟಿಷ್ ವಿಜ್ಞಾನಿ ಒಬ್ಬ ಮನುಷ್ಯ ಸುಮಾರು 150 ಜನರ ಜೊತೆ ಸಂಬಂಧ ಇಟ್ಟುಕೊಳ್ಳಬಲ್ಲ ಅಂತ ಹೇಳಿದ್ದು ಪ್ರಸಿದ್ಧ. ಆ ಸಂಖ್ಯೆಯನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನನಗೆ ಹಿಡಿಸಿದ್ದು ಅದರೊಳಗಿನ ಸುತ್ತುಗಳು. ತೀರಾ ಹತ್ತಿರ ಐದು, ಅದರಾಚೆ ಹದಿನೈದು, ಅದರಾಚೆ ಐವತ್ತು. ಆ್ಯಪ್ ಎಲ್ಲರಿಗೂ ‘ಫ್ರೆಂಡ್’ ಅನ್ನುವ ಒಂದೇ ಹೆಸರು ಇಟ್ಟಿತು. ಹದಿನಾಲ್ಕು ವರ್ಷದ ಮಕ್ಕಳು ಆ ಒಳಗಿನ ಸುತ್ತನ್ನು ಮತ್ತೆ ತಾವೇ ಎಳೆದುಕೊಂಡರು.

ಮಕ್ಕಳಿಗೆ ನಿಜವಾಗಿ ನೋವು ಕೊಡುವುದು ಬೇರೆ. ಮೊದಲನೆಯದು ನೀಲಿ ಟಿಕ್. ವಾಟ್ಸ್‌ಆ್ಯಪ್ ಅದನ್ನು ತಂದದ್ದು 2014ರಲ್ಲಿ. ಅದಕ್ಕೂ ಮೊದಲು ಉತ್ತರ ಬರದಿದ್ದರೆ ‘ನೋಡಿಲ್ಲವೇನೋ’ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಈಗ ನೋಡಿದ್ದಾಳೆ, ಆದರೂ ಉತ್ತರ ಕೊಟ್ಟಿಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ. ಒಬ್ಬ ಹುಡುಗಿ ರಾತ್ರಿಯೆಲ್ಲ ಆ ಎರಡು ಗೆರೆ ನೋಡುತ್ತಾ ಕೂತಿದ್ದಳು, ಬೆಳಿಗ್ಗೆ ಪರೀಕ್ಷೆಯಲ್ಲಿ ನಿದ್ದೆ ಹೋದಳು. ಆ ಟಿಕ್ ಅನ್ನು ಆಫ್ ಮಾಡಬಹುದು ಅಂತ ಹೇಳಿಕೊಟ್ಟೆ. ‘ಆಫ್ ಮಾಡಿದರೆ ಏನೋ ಮುಚ್ಚಿಡುತ್ತಿದ್ದೀಯ ಅಂತಾರೆ ಮಿಸ್’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೆಯದು ಅಪ್ಪ ಅಮ್ಮ ಹಾಕಿದ ಫೋಟೊಗಳು. ಹುಟ್ಟಿದ ದಿನದಿಂದ ಹಾಕಿರುತ್ತಾರೆ. ಸ್ನಾನದ್ದು, ಅಳುವುದು, ಹಾಸಿಗೆ ಒದ್ದೆ ಮಾಡಿಕೊಂಡದ್ದು. ಇಂಥ ಆ್ಯಪ್‌ಗಳಲ್ಲಿ ಖಾತೆ ತೆರೆಯಲು 13 ವರ್ಷ ಆಗಬೇಕು ಅಂತ ನಿಯಮ. ಅಷ್ಟರೊಳಗೆ ಆ ಮಗುವಿನ ಹದಿಮೂರು ವರ್ಷದ ಆಲ್ಬಮ್ ಅಲ್ಲಿ ಆಗಲೇ ತಯಾರಾಗಿರುತ್ತದೆ. ಸಹಪಾಠಿಗಳು ಹುಡುಕಿ ತೆಗೆದು ಗುಂಪಿಗೆ ಹಾಕುತ್ತಾರೆ. ಹಾಗೆ ಸಿಕ್ಕಿಬಿದ್ದ ಒಬ್ಬ ಹುಡುಗ ಒಂದು ವಾರ ಶಾಲೆಗೆ ಬರಲಿಲ್ಲ. ಅವನ ಅಮ್ಮ ನನ್ನೆದುರು ಅತ್ತರು. ‘ಮುದ್ದಾಗಿದೆ ಅಂತ ಹಾಕಿದ್ದೆ’ ಅಂದರು. ಅದೂ ನಿಜವೇ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದರು. ಮೂರು ವಾರ ಕೆಲವರು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್ ಒಂದೊಂದನ್ನೂ ದಿನಕ್ಕೆ 10 ನಿಮಿಷ ಮಾತ್ರ ನೋಡಬೇಕಿತ್ತು. ಉಳಿದವರು ಎಂದಿನಂತೆ. ಕಡಿಮೆ ಮಾಡಿದವರಲ್ಲಿ ಒಂಟಿತನ ಕಡಿಮೆಯಾಯಿತು. ಪೂರ್ತಿ ಬಿಡಿ ಅಂತ ಅಲ್ಲಿ ಯಾರಿಗೂ ಹೇಳಿರಲಿಲ್ಲ. ನಾನು ಮಕ್ಕಳಿಗೆ ಅದನ್ನೇ ಹೇಳುತ್ತೇನೆ. ನಿಧಾನಿ ಅವರ ಮಾತು ಓದಿದ ಮೇಲೆ, ಅದು ಸರಿ ಇದೆ ಅಂತ ಇನ್ನೂ ಗಟ್ಟಿಯಾಗಿ ಅನಿಸುತ್ತಿದೆ.

ಹಳೇಪುಟ · ಬುಧವಾರ ರಾತ್ರಿ

ಹೆಲೆನ್ ನಿಸೆನ್‌ಬಾಮ್ ಅನ್ನುವ ವಿದ್ವಾಂಸೆಯ ವಿಚಾರ ಒಂದಿದೆ, ಇಲ್ಲಿಗೆ ಸರಿ ಹೊಂದುತ್ತದೆ. ಗೌಪ್ಯತೆ ಅಂದರೆ ಗುಟ್ಟು ಮಾಡುವುದು ಅಂತ ಅವರು ನೋಡುವುದಿಲ್ಲ. ಒಂದು ಮಾತು ಯಾವ ಸಂದರ್ಭದಲ್ಲಿ ಹುಟ್ಟಿತೋ ಆ ಸಂದರ್ಭಕ್ಕೆ ತಕ್ಕ ಹಾಗೆ ಸಾಗಿದರೆ ಗೌಪ್ಯತೆ ಉಳಿಯಿತು. ದಾರಿ ತಪ್ಪಿದರೆ ಹೋಯಿತು. ಡಾಕ್ಟರ್‌ಗೆ ನಾವೇ ಎಲ್ಲ ಬಿಚ್ಚಿ ಹೇಳುತ್ತೇವೆ. ಅದೇ ಮಾತು ಮ್ಯಾನೇಜರ್‌ಗೆ ಹೋದರೆ ಉರಿಯುತ್ತದೆ. ಮಾತು ಒಂದೇ.

ನನಗೆ ಇನ್ನೂ ಒಂದು ಅನಿಸುತ್ತದೆ. ಯಾರಿಗಾದರೂ ‘ನಿನಗೇ ಮೊದಲು ಹೇಳುತ್ತಿದ್ದೇನೆ’ ಅಂದಾಗ ಅವರ ಮುಖ ನೋಡಿದ್ದೀರಾ? ಸುದ್ದಿ ಕೆಟ್ಟದ್ದಾದರೂ ಆ ಮಾತಿಗೆ ಅವರು ಸ್ವಲ್ಪ ಹತ್ತಿರ ಸರಿದು ಕೂರುತ್ತಾರೆ. ಮಳೆಹನಿ ಅವರು ಗೆಳತಿಗೆ ಅಂತ ಎತ್ತಿಟ್ಟದ್ದು ಅದನ್ನು. ಅದನ್ನು ಒಬ್ಬರಿಗೇ ಕೊಡಬಹುದು. ಇನ್ನೂರು ಜನರ ಕೈಗೆ ಹೋದ ಮೇಲೆ ಕೊಡಲು ಏನೂ ಉಳಿಯುವುದಿಲ್ಲ. ಗೌಪ್ಯತೆ ಬೇರೆ, ಸಂಬಂಧ ಬೇರೆ ಅಂತ ನಾವು ಎರಡು ವಿಷಯದ ಹಾಗೆ ಮಾತಾಡುತ್ತೇವೆ. ನನಗೆ ಅವೆರಡೂ ಒಂದೇ ದಾರದ ಎರಡು ತುದಿ.

ಸರ್ವರ್ ಕೋಣೆ · ಬುಧವಾರ ರಾತ್ರಿ

ಇದಕ್ಕೆ ಒಂದು ಸೇರಿಸುತ್ತೇನೆ, ತಪ್ಪು ತಿಳಿವಳಿಕೆ ಇರಬಾರದು ಅಂತ. ವಾಟ್ಸ್‌ಆ್ಯಪ್‌ನಲ್ಲಿ 2016ರಿಂದ ಮಾತುಗಳಿಗೆಲ್ಲ ಎರಡೂ ತುದಿಯ ಎನ್‌ಕ್ರಿಪ್ಶನ್, ಅಂದರೆ ಗೂಢಲಿಪಿಯ ರಕ್ಷಣೆ ಇದೆ. ಮಧ್ಯದಲ್ಲಿ ಕಂಪನಿಗೂ ಓದಲು ಆಗುವುದಿಲ್ಲ. ಆದರೆ ಯಾರು, ಯಾರಿಗೆ, ಯಾವಾಗ, ಎಷ್ಟು ಸಲ ಅನ್ನುವ ವಿವರಕ್ಕೆ ಆ ರಕ್ಷಣೆ ಇಲ್ಲ. ರಾತ್ರಿ ಎರಡು ಗಂಟೆಗೆ ಒಂದೇ ನಂಬರಿಗೆ ಮೂವತ್ತು ಸಲ ಬರೆದವರ ಬಗ್ಗೆ, ಏನು ಬರೆದರು ಅಂತ ಓದದೆಯೂ ಎಷ್ಟೋ ಊಹಿಸಬಹುದು. ಮತ್ತೆ, ನೀವು ನಂಬಿ ಕಳಿಸಿದವರೇ ಸ್ಕ್ರೀನ್‌ಶಾಟ್ ತೆಗೆದು ಮುಂದೆ ಕಳಿಸಿದರೆ ಯಾವ ಎನ್‌ಕ್ರಿಪ್ಶನ್ ಕೂಡ ಕಾಪಾಡುವುದಿಲ್ಲ. ನನ್ನ ಕೆಲಸದಲ್ಲಿ ಜನ ಬಂದು ಕೇಳುವ ತೊಂದರೆಗಳಲ್ಲಿ ಹ್ಯಾಕ್ ಆದದ್ದು ಕಡಿಮೆ, ಹೀಗೆ ಹೊರಗೆ ಹೋದದ್ದೇ ಜಾಸ್ತಿ.

ಹಾಗಾಗಿ ನಾನು ಬೇರೆಯವರ ಫೋಟೊ ಹಾಕುವ ಮೊದಲು ಕೇಳುತ್ತೇನೆ. ಐದು ವರ್ಷದ ಮಗಳನ್ನೂ ಕೇಳುತ್ತೇನೆ. ಬೇಡ ಅಂದರೆ ಬೇಡ. ಆ್ಯಪ್ ಸಂಪರ್ಕ ಪಟ್ಟಿ ಕೇಳಿದರೆ ಕೊಡುವುದಿಲ್ಲ, ಅದರಲ್ಲಿರುವ ನಂಬರ್ ನನ್ನದಲ್ಲ.

ಮಳೆಹನಿ · ಭಾನುವಾರ ಮಧ್ಯಾಹ್ನ

ನಾಲ್ಕು ದಿನ ಬರೆಯಲಿಲ್ಲ, ಕ್ಷಮಿಸಿ. ದೊಡ್ಡಮ್ಮನ ಮನೆಗೆ ಹೋಗಿದ್ದೆ.

ಫೋನಿನಲ್ಲಿ ಹೇಳಿದರೆ ಜಗಳ ಆದೀತು ಅಂತ ಎದುರಿಗೇ ಹೋದೆ. ನಿಮ್ಮ ಮಾತುಗಳನ್ನೆಲ್ಲ ತಲೆಯಲ್ಲಿ ಜೋಡಿಸಿಕೊಂಡು ಹೋಗಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ‘ದೊಡ್ಡಮ್ಮ, ಆ ಫೋಟೊ ಯಾಕೆ ಹಾಕಿದಿರಿ?’ ಅಂತ ಮಾತ್ರ ಕೇಳಿದೆ.

ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಅವತ್ತು ನನ್ನನ್ನು ನೋಡಿ ಹೊರಗೆ ಬಂದಾಗ ಅವರಿಗೆ ಕಾಲು ನಡುಗುತ್ತಿತ್ತಂತೆ. ದೊಡ್ಡಪ್ಪ ಹೋದ ಮೇಲೆ ಆಸ್ಪತ್ರೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲ ಸಲ. ಮನೆಗೆ ಹೋದರೆ ಮಾತಾಡಲು ಯಾರೂ ಇಲ್ಲ. ಕೈಯಲ್ಲಿ ಫೋನ್ ಇತ್ತು. ‘ಯಾರಾದರೂ ಒಬ್ಬರು ಧೈರ್ಯ ಹೇಳಲಿ ಅಂತ ಹಾಕಿದೆ ಕಣೇ. ನಿನಗೆ ಅಂತ ಹಾಕಿದೆ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ನನಗೇ ಬೇಕಿತ್ತು’ ಅಂದರು.

ಇಷ್ಟು ದಿನ ನಾನು ಆ ಇನ್ನೂರು ಜನರ ಲೆಕ್ಕ ಹಾಕುತ್ತಿದ್ದೆ. ಆ ರಾತ್ರಿ ದೊಡ್ಡಮ್ಮ ಒಬ್ಬರೇ ಮನೆಗೆ ಹೋದರು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಇಬ್ಬರೂ ಅತ್ತೆವು. ಪೋಸ್ಟ್ ತೆಗೆಯುವುದು ಹೇಗೆ ಅಂತ ಅವರಿಗೆ ಗೊತ್ತಿರಲಿಲ್ಲ, ನಾನೇ ತೋರಿಸಿಕೊಟ್ಟೆ. ತೆಗೆಯುವ ಮೊದಲು ಅವರು ಹಾರೈಕೆಗಳನ್ನೆಲ್ಲ ಒಂದೊಂದಾಗಿ ಇನ್ನೊಮ್ಮೆ ಓದಿದರು. ನಾನು ಅವಸರ ಮಾಡಲಿಲ್ಲ. ಇನ್ನು ಮೇಲೆ ಅಂಥ ರಾತ್ರಿಯಲ್ಲಿ ನನ್ನ ತಂಗಿಗೆ ಫೋನ್ ಮಾಡುತ್ತೇನೆ ಅಂದಿದ್ದಾರೆ. ತಂಗಿಯೂ ಹೂಂ ಅಂದಿದ್ದಾಳೆ.

ಆದದ್ದು ಸರಿ ಅಂತ ನಾನು ಈಗಲೂ ಹೇಳುವುದಿಲ್ಲ. ಮ್ಯಾನೇಜರ್‌ಗೆ ಗೊತ್ತಾದದ್ದು ಗೊತ್ತಾದ ಹಾಗೇ ಇದೆ. ಮೊನ್ನೆ ಒಂದು ಹೊಸ ಕೆಲಸವನ್ನು ‘ನಿಮ್ಮ ಆರೋಗ್ಯ ನೋಡಿಕೊಳ್ಳಿ’ ಅಂತ ಬೇರೆಯವರಿಗೆ ಕೊಟ್ಟರು.

ಗೆಳತಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ನಿನ್ನೆ ಅವಳೇ ಮೆಸೇಜ್ ಮಾಡಿದಳು, ‘ಹೊಲಿಗೆ ಬಿಚ್ಚಿದ್ರಾ?’ ಅಂತ. ಗುರುವಾರ ಒಂದು ರಿಪೋರ್ಟ್ ಬರುವುದಿದೆ. ಅದರ ಬಗ್ಗೆ ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಅದನ್ನು ತರಲು ನನ್ನ ಜೊತೆ ಬರುತ್ತೀಯಾ ಅಂತ ಅವಳಿಗೆ ಬರೆದಿದ್ದೇನೆ. ನೀಲಿ ಟಿಕ್ ಬಂದಿದೆ. ಉತ್ತರಕ್ಕೆ ಕಾಯುತ್ತಿದ್ದೇನೆ.